ಸರ್ಕಾರದ ಖಜಾನೆಗೂ ವರ್ತಕರ ಗಲ್ಲಾಪೆಟ್ಟಿಗೆಗೂ ನಂಟು ಬೆಸೆದ ಸರ್ ಎಂ.ವಿ.

ಸೆಪ್ಟೆಂಬರ್ 15 ಬಂತೆಂದರೆ ನಮ್ಮ ಹೊರನಾಡ ಕನ್ನಡ ಸಂಘಗಳಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹಾರ ಹಾಕುವುದು ರೂಢಿ. ಭಾಷಣಗಳಲ್ಲಿ ಕನ್ನಂಬಾಡಿ ಕಟ್ಟೆ ಬರುತ್ತದೆ, ಅವರ ಶಿಸ್ತು, ಸಮಯಪಾಲನೆ ಬರುತ್ತದೆ. ಆದರೆ ಮೂವತ್ತು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕುಳಿತ ನನಗೆ ಅವರ ಇನ್ನೊಂದು ಸಾಧನೆಯೇ ಹೆಚ್ಚು ಹತ್ತಿರದ್ದು. ಸರ್ಕಾರ ಮತ್ತು ವ್ಯಾಪಾರ ಒಂದನ್ನೊಂದು ಅನುಮಾನದಿಂದ ನೋಡುತ್ತಿದ್ದ ಕಾಲದಲ್ಲಿ ಎರಡನ್ನೂ ಒಂದೇ ಮೇಜಿನ ಸುತ್ತ ಕೂರಿಸಿದವರು ಅವರು.

ಚಿಕ್ಕಬಳ್ಳಾಪುರ ಬಳಿಯ ಮುದ್ದೇನಹಳ್ಳಿಯ ಬಡ ಕುಟುಂಬದಲ್ಲಿ ಹುಟ್ಟಿ, ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡ ವಿಶ್ವೇಶ್ವರಯ್ಯನವರು ಮನೆಪಾಠ ಹೇಳಿಕೊಂಡೇ ಬೆಂಗಳೂರಿನಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಅವರನ್ನು ಪುಣೆಗೆ ಕಳುಹಿಸಿತು. ಅಲ್ಲಿ 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾಗಿ, ಮರುವರ್ಷ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆ ಸೇರಿದರು. ಉದ್ಯೋಗಕ್ಕಾಗಿ ಈ ಕಡೆ ಬಂದ ನಮ್ಮೆಲ್ಲರಂತೆ ಅವರೂ ಹೊರನಾಡ ಕನ್ನಡಿಗರೇ ಆಗಿದ್ದರು.

ಪುಣೆ ಸಮೀಪದ ಖಡಕ್‌ವಾಸ್ಲಾ ಜಲಾಶಯಕ್ಕೆ ಅವರು ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳು ಹೆಸರುವಾಸಿ. ಅದಕ್ಕಿಂತ ಕಡಿಮೆ ಜನರಿಗೆ ಗೊತ್ತಿರುವುದು ನೀರಾ ಕಾಲುವೆಯ ಕೆಲಸ. ಒಂದೇ ಕಡೆ ಕಬ್ಬಿಗೆ ಮಿತಿಮೀರಿ ನೀರು ಹರಿದರೆ ಅಲ್ಲಿ ಭೂಮಿ ಹಾಳು, ಮುಂದಿನವರಿಗೆ ನೀರಿಲ್ಲ. ಆದ್ದರಿಂದ ಅವರು ಹೊಲಗಳನ್ನು ಬ್ಲಾಕುಗಳಾಗಿ ವಿಂಗಡಿಸಿ, ಬೆಳೆಗಳನ್ನು ಸರದಿಯಂತೆ ಬದಲಿಸಿ, ನೀರು ಹೆಚ್ಚು ಹಳ್ಳಿಗಳಿಗೆ ತಲುಪುವ ಪದ್ಧತಿಯನ್ನು ತಂದರು. ಇರುವ ಸಂಪತ್ತು ಬತ್ತದಂತೆ ಬಳಸಬೇಕು, ಹಂಚಿಕೆಗೊಂದು ಲೆಕ್ಕವಿರಬೇಕು ಎಂಬ ಅವರ ನೀತಿ ಇಲ್ಲಿಯೇ ಕಾಣುತ್ತದೆ.

ಹೈದರಾಬಾದಿನಲ್ಲಿ 1908ರ ಮೂಸಿ ಪ್ರವಾಹದ ನಂತರ ನಗರ ರಕ್ಷಣೆಯ ಯೋಜನೆ ರೂಪಿಸಿಕೊಟ್ಟು, 1909ರಲ್ಲಿ ಅವರು ಮೈಸೂರಿನ ಮುಖ್ಯ ಎಂಜಿನಿಯರರಾದರು. ಕನ್ನಂಬಾಡಿ ಕಟ್ಟೆಗೆ ಹಣ ಎಲ್ಲಿಂದ ಎಂಬ ಪ್ರಶ್ನೆ ಎದ್ದಾಗ ಅವರು ಕೋಲಾರದ ಚಿನ್ನದ ಗಣಿಗಳತ್ತ ಬೊಟ್ಟು ಮಾಡಿದರು. ಶಿವನಸಮುದ್ರದ ವಿದ್ಯುತ್ತಿಗೆ ಗಣಿ ಕಂಪನಿಗಳು ಗಿರಾಕಿಗಳು. ನದಿಯ ನೀರನ್ನು ಕಟ್ಟಿ ನಿಲ್ಲಿಸಿದರೆ ವರ್ಷವಿಡೀ ವಿದ್ಯುತ್ತು ಕೊಡಬಹುದು, ಅದರ ಆದಾಯ ಕಟ್ಟೆಯ ವೆಚ್ಚಕ್ಕೆ ಆಸರೆಯಾಗುತ್ತದೆ, ನೀರು ಮಂಡ್ಯದ ರೈತನ ಗದ್ದೆಗೆ ಹೋಗುತ್ತದೆ ಎಂಬುದು ಅವರ ಲೆಕ್ಕಾಚಾರ. ಆದರೆ ಹಳೆಯ ಕನ್ನಂಬಾಡಿಯೂ ಸುತ್ತಲಿನ ಊರುಗಳೂ ನೀರಿನಡಿ ಸೇರಿದವು. ಆ ಊರಿನವರು ತೆತ್ತ ಬೆಲೆಯನ್ನು ನಾವು ಮರೆಯಬಾರದು.

ಅವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು. ಅಧಿಕಾರಿಗಳ ಜೊತೆ ವರ್ತಕರು, ಜಮೀನುದಾರರು, ವಿದ್ಯಾವಂತರು ಕುಳಿತು ಚರ್ಚಿಸುವ ಆರ್ಥಿಕ ಸಮ್ಮೇಳನ 1911ರಲ್ಲೇ ಆರಂಭವಾಗಿತ್ತು. ಅವರು ಅದಕ್ಕೆ ಬಲ ತುಂಬಿದರು. ಅವರ ಮುತುವರ್ಜಿಯಿಂದ 1913ರ ಅಕ್ಟೋಬರ್ 2ರಂದು ಬ್ಯಾಂಕ್ ಆಫ್ ಮೈಸೂರು ಬಾಗಿಲು ತೆರೆಯಿತು. ಆ ದಿನಗಳನ್ನು ನೆನೆದರೆ ಬ್ಯಾಂಕಿನವನಾದ ನನಗೆ ಇಂದಿಗೂ ಎದೆ ಝಲ್ಲೆನ್ನುತ್ತದೆ. ಅದೇ ಸೆಪ್ಟೆಂಬರಿನಲ್ಲಿ ಲಾಹೋರಿನ ಪೀಪಲ್ಸ್ ಬ್ಯಾಂಕ್ ಕುಸಿದಿತ್ತು. ನವೆಂಬರಿನಲ್ಲಿ ನಮ್ಮ ಮುಂಬಯಿಯ ಇಂಡಿಯನ್ ಸ್ಪೀಸಿ ಬ್ಯಾಂಕ್ ಮುಳುಗಿತು. ಠೇವಣಿದಾರರು ಕಂಗಾಲಾಗಿದ್ದ ಆ ಹೊತ್ತಿನಲ್ಲಿ ಮೈಸೂರಿನ ಹೊಸ ಬ್ಯಾಂಕ್ ನಿಂತಿತು. ಜನರ ಬಂಡವಾಳದ ಬೆನ್ನಿಗೆ ಸರ್ಕಾರದ ಬೆಂಬಲ ಇದ್ದುದೇ ಅದರ ಬಲ. 1960ರಲ್ಲಿ ಸ್ಟೇಟ್ ಬ್ಯಾಂಕ್ ಸಮೂಹಕ್ಕೆ ಸೇರಿದ ಆ ಬ್ಯಾಂಕ್, 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾಯಿತು.

ಮೊದಲ ಮಹಾಯುದ್ಧದಿಂದ ಶ್ರೀಗಂಧದ ರಫ್ತು ನಿಂತಾಗ 1916ರಲ್ಲಿ ಸರ್ಕಾರವೇ ಗಂಧದೆಣ್ಣೆ ಕಾರ್ಖಾನೆ ತೆರೆಯಿತು. ಮೈಸೂರು ಸ್ಯಾಂಡಲ್ ಸೋಪಿನ ಮೂಲ ಅದೇ. ಅದೇ ವರ್ಷ ಅವರ ಪ್ರೇರಣೆಯಿಂದ ಬೆಂಗಳೂರಿನಲ್ಲಿ ವಾಣಿಜ್ಯ ಮಂಡಳಿ ಸ್ಥಾಪನೆಯಾಗಿ, ವರ್ತಕರು ಸರ್ಕಾರದ ಮುಂದೆ ಒಗ್ಗಟ್ಟಿನಿಂದ ಮಾತಾಡುವಂತಾಯಿತು.

ಎಲ್ಲವೂ ಹೂವಿನ ಹಾದಿಯಾಗಿರಲಿಲ್ಲ. ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ಹುದ್ದೆಗಳಲ್ಲಿ ಪಾಲು ಬೇಕೆಂಬ ಬೇಡಿಕೆಯನ್ನು ಪರಿಶೀಲಿಸಲು ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಪ್ರತಿಭೆಯೊಂದೇ ಮಾನದಂಡ ಎಂದು ನಂಬಿದ್ದ ದಿವಾನರಿಗೆ ಇದು ಒಪ್ಪಿಗೆಯಾಗಲಿಲ್ಲ. ಅವರು ಅಧಿಕಾರ ಬಿಟ್ಟರು. ಅವರ ಪ್ರಾಮಾಣಿಕತೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಹಗಲೆಲ್ಲ ದುಡಿದು ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದ ನನಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಶಾಲೆಯ ಬಾಗಿಲು ತೆರೆದಿದ್ದರೆ ತಾನೇ ಪ್ರತಿಭೆ ಹೊರಗೆ ಬರುವುದು? ಎಲ್ಲರಿಗೂ ಆ ಬಾಗಿಲು ತೆರೆದಿರಲಿಲ್ಲ. ಈ ವಿಷಯದಲ್ಲಿ ಮಹಾರಾಜರ ಹೆಜ್ಜೆಯೇ ನ್ಯಾಯದ್ದು ಎಂಬುದು ನನ್ನ ನಮ್ರ ಅಭಿಪ್ರಾಯ.

ಅಧಿಕಾರ ಹೋದರೂ ಹೊಣೆ ಬಿಡಲಿಲ್ಲ. ಅವರು ಯೋಜಿಸಿದ್ದ ಭದ್ರಾವತಿ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದಾಗ ಕಬ್ಬಿಣದ ಬೆಲೆ ಬಿದ್ದುಹೋಗಿತ್ತು. ಸಾರ್ವಜನಿಕರ ಹಣ ನೀರುಪಾಲಾಯಿತೆಂಬ ಟೀಕೆ ಕೇಳಿಬಂತು. ಅದೇ ವರ್ಷ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದು, 1929ರವರೆಗೆ ದುಡಿದು, ವೆಚ್ಚ ತಗ್ಗಿಸಿ ಅದನ್ನು ಹಳಿಗೆ ತಂದರು. ಆ ಕೆಲಸಕ್ಕೆ ತಮಗೆ ಸಲ್ಲಬೇಕಾದ ಸಂಭಾವನೆಯನ್ನು ಯುವಕರ ತಾಂತ್ರಿಕ ಶಿಕ್ಷಣಕ್ಕೆ ಬಿಟ್ಟುಕೊಟ್ಟರು.

ಮುಂಬಯಿಗೂ ಅವರ ನಂಟು ಕಡೆಯವರೆಗೂ ಉಳಿಯಿತು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರೊಡನೆ ಮೋಟಾರು ಕಾರ್ಖಾನೆಗಾಗಿ ಶ್ರಮಿಸಿದರು. ಬ್ರಿಟಿಷರ ಸಹಕಾರ ಸಿಗದೆ ಮೈಸೂರಿನಲ್ಲಿ ಅದು ಕೈಗೂಡಲಿಲ್ಲ. ಆದರೆ 1940ರಲ್ಲಿ ವಾಲ್‌ಚಂದ್ ಮತ್ತು ಮೈಸೂರು ಸರ್ಕಾರದ ಪಾಲುದಾರಿಕೆಯಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆ ಹುಟ್ಟಿತು. 1941ರಲ್ಲಿ ಅಖಿಲ ಭಾರತ ತಯಾರಕರ ಸಂಸ್ಥೆಯನ್ನು ವಿಶ್ವೇಶ್ವರಯ್ಯನವರು ಮುಂಬಯಿಯಲ್ಲೇ ಕಟ್ಟಿದರು. 1955ರಲ್ಲಿ ಭಾರತರತ್ನ ಪಡೆದ ಈ ಹಿರಿಯ ಜೀವ 1962ರಲ್ಲಿ ನಮ್ಮನ್ನಗಲಿತು.

ಅವರ ಬದುಕಿನಿಂದ ನಾನು ಕಲಿತ ಪಾಠ ಇಷ್ಟೇ. ಖಾಸಗಿ ಬಂಡವಾಳ ಹೆದರುವಲ್ಲಿ ಸರ್ಕಾರ ಮುಂದೆ ನಿಲ್ಲಬೇಕು, ಉದ್ಯಮಿ ಲೆಕ್ಕ ತೆರೆದಿಡಬೇಕು, ನಷ್ಟ ಬಂದಾಗ ಯೋಜಿಸಿದವರೇ ಹೊಣೆ ಹೊರಬೇಕು. ಜೊತೆಗೆ ಅವರು ಒಪ್ಪದೇ ಹೋದದ್ದನ್ನೂ ನಾವು ಸೇರಿಸಿಕೊಳ್ಳಬೇಕು. ಅದೆಂದರೆ ಮೇಜಿನ ಸುತ್ತ ಎಲ್ಲರಿಗೂ ಕುರ್ಚಿ ಇರಬೇಕು. ಬರುವ ಜಯಂತಿಯಂದು ಹಾರ ಹಾಕುವ ಮುನ್ನ, ನಮ್ಮ ಸಂಘದ ವಿದ್ಯಾರ್ಥಿವೇತನ ಯಾವ ಮನೆಯ ಮಗುವಿಗೆ ಇನ್ನೂ ತಲುಪಿಲ್ಲ ಎಂದು ಒಮ್ಮೆ ಪಟ್ಟಿ ತೆಗೆದು ನೋಡೋಣ. ಅವರನ್ನು ಮುದ್ದೇನಹಳ್ಳಿಯಿಂದ ಪುಣೆಗೆ ದಾಟಿಸಿದ್ದೂ ಒಂದು ವಿದ್ಯಾರ್ಥಿವೇತನವೇ ಅಲ್ಲವೇ?