ಒಂದೇ ಬೆರಳಿನ ಬೇಸ್
ಅರವತ್ತರ ದಶಕದ ಮೋಟೌನ್ ಹಾಡು ಕೇಳಿದ್ದರೆ ನೀವು ಜೇಮ್ಸ್ ಜೇಮರ್ಸನ್‌ನ ಬೇಸ್ ಗಿಟಾರ್ ಕೇಳಿರ್ತೀರಿ. ಹೆಸರು ಕೇಳಿರಲಿಕ್ಕಿಲ್ಲ. ಆಗ ಆ ಕಂಪನಿ ವಾದ್ಯದವರ ಹೆಸರನ್ನು ಸಾಮಾನ್ಯವಾಗಿ ಅಚ್ಚು ಹಾಕಿಸ್ತಿರಲಿಲ್ಲ.

ಹುಟ್ಟಿದ್ದು 1936ರಲ್ಲಿ, ಸೌತ್ ಕೆರೊಲಿನಾದಲ್ಲಿ. ಡೆಟ್ರಾಯಿಟ್‌ಗೆ ಬಂದು, ಶಾಲೆಯಲ್ಲಿ ನಿಂತು ನುಡಿಸುವ ದೊಡ್ಡ ಬೇಸ್ ಕಲಿತ. ಆ ಅಭ್ಯಾಸವೇ ಎಲೆಕ್ಟ್ರಿಕ್ ಗಿಟಾರಿಗೂ ಬಂತು: ಬಲಗೈಯಲ್ಲಿ ತೋರುಬೆರಳು ಒಂದೇ. 1962ರ ಫೆಂಡರ್ ಪ್ರಿಸಿಷನ್, ದಪ್ಪ ಫ್ಲಾಟ್‌ವೌಂಡ್ ತಂತಿ, ಬ್ರಿಡ್ಜ್ ಕವರಿನಡಿ ಫೋಮ್ ತುಂಡು. ತುಂಡಾಗದ ಹೊರತು ತಂತಿ ಬದಲಿಸ್ತಿರಲಿಲ್ಲ. ಎಂಜಿನಿಯರಿಂಗ್ ಓದಿದ ನನ್ನಂಥವರಿಗೆ ಇದೊಂದು ಖುಷಿ: ಹಳೇ ತಂತಿಯಲ್ಲಿ ಮೇಲಿನ ಕಂಪನಗಳು ಮಂಕಾಗುತ್ತವೆ, ಫೋಮ್ ನಾದವನ್ನು ಎಳೆಯಲು ಬಿಡಲ್ಲ, ಉಳಿಯೋದು ದುಂಡನೆಯ ಗುದ್ದು. ಅದಕ್ಕೇ ಅಷ್ಟು ಸ್ವರ ಸುರಿದರೂ ಗಾಯಕರಿಗೆ ಅಡ್ಡ ಬರಲ್ಲ. ಫೋರ್ ಟಾಪ್ಸ್‌ನ 1967ರ ‘ಬರ್ನಡೆಟ್’ನಲ್ಲಿ ಮಾತುಗಳನ್ನು ಬಿಟ್ಟು ಬೇಸನ್ನಷ್ಟೇ ಹಿಂಬಾಲಿಸಿ ನೋಡಿ.

1972ರಲ್ಲಿ ಕಂಪನಿ ಲಾಸ್ ಏಂಜಲಿಸ್‌ಗೆ ಹೋಯ್ತು, ಆಮೇಲೆ ಇವನೂ ಹೋದ. ಅಲ್ಲಿ ಕೆಲಸ ಕಮ್ಮಿಯಾಯ್ತು, ಕುಡಿತ ಬಿಡಲಿಲ್ಲ. 1983ರಲ್ಲಿ ಮೋಟೌನ್‌ನ 25 ವರ್ಷದ ಟಿವಿ ಸಂಭ್ರಮಕ್ಕೆ ಅವನನ್ನು ಕರೆಯಲಿಲ್ಲ. ಟಿಕೆಟ್ ಕೊಂಡು ಬಾಲ್ಕನಿಯಲ್ಲಿ ಕೂತು ನೋಡಿದ. ಅದೇ ಆಗಸ್ಟ್‌ನಲ್ಲಿ ತೀರಿಕೊಂಡಾಗ 47 ವರ್ಷ. ಕೆಲವೇ ದಿನ ಮುಂಚೆ ಯಾರೋ ಆ ಫೆಂಡರನ್ನು ಕದ್ದೊಯ್ದಿದ್ದರು.