ಡಾರ್ವಿನ್ನರೂ ಇಬ್ಬನಿಯ ಗಿಡವೂ

ಉದ್ಯೋಗನಿಮಿತ್ತ ಹೈದರಾಬಾದಿಗೆ ಬಂದು ನೆಲೆಸಿದ ಕನ್ನಡಿಗರ ಕೋಣೆಗಳಲ್ಲಿ ಕಿಟಕಿಗೊಂದು ತುಳಸಿಯ ಕುಂಡವಾದರೂ ಇದ್ದೇ ಇರುತ್ತದೆ. ಆ ಕಿಟಕಿಯಲ್ಲಿಯೇ, ಎಲೆಯ ತುಂಬ ಇಬ್ಬನಿ ಹೊತ್ತಂತೆ ಹೊಳೆಯುವ ಡ್ರಾಸೆರಾ ಎಂಬ ಕೀಟಾಹಾರಿ ಗಿಡವನ್ನು ತಂದಿಟ್ಟರೆ ಅದು ಕೆಲವೇ ವಾರಗಳಲ್ಲಿ ಕಪ್ಪಿಟ್ಟು ಸೊರಗುವುದುಂಟು. ನಾವು ಮರುಕಗೊಂಡು ಗೊಬ್ಬರ ಹಾಕುತ್ತೇವೆ. ಅದು ಇನ್ನೂ ಬೇಗ ಸಾಯುತ್ತದೆ. ಈ ಮುನಿಸಿನ ಗಿಡದೊಡನೆ ವರ್ಷಗಟ್ಟಲೆ ಬಾಳಿದ ಮಹನೀಯರು ಚಾರ್ಲ್ಸ್ ಡಾರ್ವಿನ್ನರು.

1809ರ ಫೆಬ್ರುವರಿ 12ರಂದು ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ ಜನಿಸಿದ ಡಾರ್ವಿನ್ನರು ಬೀಗಲ್ ಹಡಗಿನಲ್ಲಿ ಲೋಕ ಸುತ್ತಿದುದೂ, 1859ರಲ್ಲಿ ಜೀವಜಾತಿಗಳ ಉಗಮವನ್ನು ಕುರಿತ ಗ್ರಂಥ ಪ್ರಕಟಿಸಿದುದೂ ವಾಚಕರು ಬಲ್ಲ ಸಂಗತಿಗಳೇ. ಮರುವರ್ಷ, ಆ ಗ್ರಂಥಕ್ಕಾಗಿ ಪಂಡಿತರು ಕಾದಾಡುತ್ತಿದ್ದಾಗ, ಅವರು ವಿಶ್ರಾಂತಿಗೆಂದು ಸಸೆಕ್ಸ್ ಪ್ರಾಂತದ ಹಾರ್ಟ್‌ಫೀಲ್ಡಿಗೆ ಹೋಗಿದ್ದರು. ಅಲ್ಲಿ ಹನ್ನೆರಡು ಡ್ರಾಸೆರಾ ಗಿಡಗಳನ್ನು ಕಿತ್ತು ನೋಡಲು, ಪೂರ್ತಿ ಅರಳಿದ 56 ಎಲೆಗಳ ಪೈಕಿ 31ರ ಮೇಲೆ ಹುಳುಗಳ ಹೆಣಗಳಿದ್ದವು! ಅಂದಿನಿಂದ ಅವರಿಗೆ ಇದೇ ಗೀಳು. ಗಿಡವನ್ನು ಕೊನೆಗೆ ಪ್ರಾಣಿಯೆಂದೇ ಸಾಧಿಸುವರೇನೋ ಎಂದು ಪತ್ನಿ ಎಮ್ಮಾ ಹಾಸ್ಯ ಮಾಡುತ್ತಿದ್ದರು.

ಡೌನ್ ಗ್ರಾಮದ ತಮ್ಮ ಮನೆಯಲ್ಲಿ ಅವರು ಎಲೆಗಳಿಗೆ ಹಸಿಮಾಂಸ, ಮೊಟ್ಟೆಯ ಬಿಳಿ, ಗಾಜಿನ ಚೂರು, ಕೂದಲ ತುಣುಕು ಎಲ್ಲವನ್ನೂ ಇತ್ತು ನೋಡಿದರು. ಗಾಜನ್ನು ಎಲೆ ಬೇಗನೆ ಬಿಟ್ಟುಬಿಡುತ್ತಿತ್ತು, ಮಾಂಸವನ್ನು ದಿನಗಟ್ಟಲೆ ಅಪ್ಪಿಕೊಳ್ಳುತ್ತಿತ್ತು. ತುಣುಕು ದೊಡ್ಡದಾದರೆ ಎಲೆಗೇ ಕೇಡು. ಅಮೋನಿಯದ ಫಾಸ್ಫೇಟ್ ಲವಣವು ಒಂದು ಗ್ರೇನಿನ ಸುಮಾರು ಎರಡು ಕೋಟಿಯಲ್ಲೊಂದು ಭಾಗದಷ್ಟು ತಾಕಿದರೂ ಎಲೆಯ ರೋಮ ಬಾಗುವುದನ್ನು ಕಂಡಾಗ ತಮ್ಮ ಕಣ್ಣನ್ನು ತಾವೇ ನಂಬದೆ ಮತ್ತೆ ಮತ್ತೆ ಪರೀಕ್ಷಿಸಿದರು. ಹೀಗೆ ಹದಿನೈದು ವರ್ಷ ಕಳೆದು, 1875ರಲ್ಲಿ ಕೀಟಾಹಾರಿ ಸಸ್ಯಗಳ ಗ್ರಂಥ ಹೊರಬಂದಿತು.

ಆದರೂ ಒಂದು ಆಕ್ಷೇಪ ಉಳಿದಿತ್ತು. ಹುಳು ತಿಂದುದರಿಂದ ಗಿಡಕ್ಕೆ ಲಾಭವಾದರೂ ಏನು? 1877ರಲ್ಲಿ ಮಗ ಫ್ರಾನ್ಸಿಸ್ ಸೂಪಿನ ತಟ್ಟೆಗಳಲ್ಲಿ ಗಿಡಗಳನ್ನು ಬೆಳೆಸಿ, ನಡುವೆ ತಡೆಯಿಟ್ಟು, ಒಂದು ಪಾಲಿಗೆ ಹುರಿದ ಮಾಂಸದ ಕಿರುಚೂರು ಬಡಿಸಿದರು, ಇನ್ನೊಂದನ್ನು ಉಪವಾಸವಿರಿಸಿದರು. (ಹೋಟೆಲಿನ ಬಂಧುಗಳು ಈ ಬಡಿಸಾಟವನ್ನು ಮೆಚ್ಚಿಯಾರು.) ಉಂಡ ಗಿಡಗಳ ಬೀಜ ಉಪವಾಸಿಗಳಿಗಿಂತ ಎರಡು ಪಟ್ಟಿಗೂ ಮಿಗಿಲಾಯಿತು.

ಬಡನೆಲದಲ್ಲಿ ಬೆಳೆದು ಎಲೆಯಿಂದ ಉಣ್ಣುವ ಗಿಡವಿದು. ಬೇರಿಗೆ ಗೊಬ್ಬರವೂ ಲವಣವೂ ಸಲ್ಲವು. ಹೈದರಾಬಾದಿನ ಕಲ್ಲುನೆಲದ ಬೋರಿನ ನೀರು ಗಡಸು; ನಲ್ಲಿಯ ನೀರಿನ ಲವಣವೂ ಕುಂಡದಲ್ಲಿ ದಿನೇ ದಿನೇ ಶೇಖರವಾಗುತ್ತದೆ. ಸೊರಗಿದ ಗಿಡದ ನಡುಮೊಗ್ಗು ಹಸಿರಾಗಿದ್ದರೆ ಆಶೆಯುಂಟು. ಅದನ್ನು ತೊಳೆದ ಮರಳು ಹಾಗೂ ಪೀಟ್ ಬೆರೆತ ಹೊಸ ಕುಂಡಕ್ಕೆ ಸಾಗಿಸಿ, ತಟ್ಟೆಯಲ್ಲಿ ಮಳೆನೀರನ್ನೋ ಬಟ್ಟಿಯಿಳಿಸಿದ ನೀರನ್ನೋ ನಿಲ್ಲಿಸಿ, ಹೊಸ ಎಲೆ ಮೂಡಿದಂತೆ ಬಿಸಿಲಿಗೆ ಒಗ್ಗಿಸಬೇಕು. ತೆಲಂಗಾಣದ ತೇವದ ಮರಳುನೆಲದಲ್ಲಿ ತಾನಾಗಿಯೇ ಬೆಳೆಯುವ ಬರ್ಮಾನಿ, ಇಂಡಿಕಾ ಜಾತಿಗಳು ಸಾಮಾನ್ಯವಾಗಿ ಒಂದು ವರ್ಷದ ಅತಿಥಿಗಳು. ಹೂಬಿಟ್ಟು ಸತ್ತರೆ ಸಾಕಿದವರ ತಪ್ಪಲ್ಲ. ಧೂಳಿನಂಥ ಬೀಜವನ್ನು ಕೂಡಿಟ್ಟು, ಹೂಳದೆ ಮೇಲೆಯೇ ಚೆಲ್ಲಬೇಕು.

ಡಾರ್ವಿನ್ನರು 1882ರ ಏಪ್ರಿಲ್ 19ರಂದು ಡೌನಿನಲ್ಲಿಯೇ ತೀರಿಕೊಂಡರು. ಅವರ ಗಾಜಿನ ಮನೆ ಇಂದಿಗೂ ಅಲ್ಲಿದೆ. ನೋಡಬಂದವರಿಗೆ ಅದರೊಳಗೆ ಕೀಟಾಹಾರಿ ಗಿಡಗಳು ಕಾಣಸಿಗುತ್ತವೆ.