ಧಾರವಾಡದ ಹೆಸರನ್ನು ಕಲ್ಲಿಗೆ ಕೊಟ್ಟ ರಾಬರ್ಟ್ ಬ್ರೂಸ್ ಫೂಟ್

ನಮ್ಮ ಶಾಲೆಯ ಸುವರ್ಣ ಮಹೋತ್ಸವ ಸಂಚಿಕೆಗೆ ಯಾರಾದರೂ ಹಿರಿಯರ ಜೀವನದ ಬಗ್ಗೆ ಬರೆದುಕೊಡು ಎಂದು ಗುರುಗಳು ಫೋನ್ ಮಾಡಿ ಹೇಳಿದರು. ನಮ್ಮ ಭಾಗದಲ್ಲಿ ಹಿರಿಯರಿಗೇನು ಬರ? ಅಣ್ಣಿಗೇರಿ ಎಂದರೆ ಪಂಪ, ಕುಂದಗೋಳ ಎಂದರೆ ಸವಾಯಿ ಗಂಧರ್ವರು, ಧಾರವಾಡ ಎಂದರೆ ಬೇಂದ್ರೆ. ಅವರ ಬಗ್ಗೆ ಬರೆಯಲು ನನಗಿಂತ ತಿಳಿದವರು ಈ ಸಂಚಿಕೆಯಲ್ಲಿಯೇ ಇದ್ದಾರೆ. ನಾನು ಆರಿಸಿಕೊಂಡದ್ದು ಒಬ್ಬ ಇಂಗ್ಲಿಷ್ ಸಾಹೇಬನನ್ನು. ಗುರುಗಳು ಒಂದು ಕ್ಷಣ ಸುಮ್ಮನಾಗಿ, ಆಗಲಿ ಬರಿ ಎಂದರು.

ಇದಕ್ಕೊಂದು ಕಾರಣವಿದೆ. ಕೆಲ ವರ್ಷಗಳ ಹಿಂದೆ ಕೆಲಸದ ನಿಮಿತ್ತ ನಾನೊಂದು ಪ್ರೋಗ್ರಾಂ ಬರೆಯಬೇಕಾಯಿತು. ಕಲ್ಲಿನೊಳಗಿನ ಝಿರ್ಕಾನ್ ಎಂಬ ಸಣ್ಣ ಹರಳುಗಳನ್ನು ಯಂತ್ರದಲ್ಲಿ ಅಳೆದು ಬಂದ ಅಂಕಿಗಳನ್ನು ಸರಿಯಾಗಿ ಜೋಡಿಸುವ ಪ್ರೋಗ್ರಾಂ ಅದು. ಆ ಪಟ್ಟಿಯಲ್ಲಿ ನಮ್ಮ ಜಿಲ್ಲೆಯ ಹೆಸರಿತ್ತು. ಊರಿನ ಹೆಸರಾಗಿ ಅಲ್ಲ, ಕಲ್ಲಿನ ಹೆಸರಾಗಿ. ಹೈಸ್ಕೂಲಿನ ಭೂಗೋಳದಲ್ಲಿ ಧಾರವಾಡ ಶಿಲೆಗಳು ಎಂದು ಎರಡು ಅಂಕಕ್ಕೆ ಬಾಯಿಪಾಠ ಮಾಡಿದ್ದು ನೆನಪಾಯಿತು. ಆ ಹೆಸರನ್ನು ಇಟ್ಟವರು ಯಾರೆಂದು ಹುಡುಕುತ್ತಾ ಹೋದಾಗ ಸಿಕ್ಕವರು ರಾಬರ್ಟ್ ಬ್ರೂಸ್ ಫೂಟ್.

ಫೂಟ್ ಹುಟ್ಟಿದ್ದು 1834ರ ಸೆಪ್ಟೆಂಬರ್ 22ರಂದು, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ. 1858ರ ಡಿಸೆಂಬರ್‌ನಲ್ಲಿ, 24ನೆಯ ವಯಸ್ಸಿನಲ್ಲಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಸೇರಿ ಮದ್ರಾಸಿಗೆ ಬಂದರು. ಮದ್ರಾಸಿನಲ್ಲಿದ್ದ ತಮಿಳು ವಿದ್ವಾಂಸ, ಪಾದ್ರಿ ಪೀಟರ್ ಪರ್ಸಿವಲ್ ಅವರ ಮಗಳು ಎಲಿಜಬೆತ್ ಆನ್ ಅವರನ್ನು ಮದುವೆಯಾದರು. 1863ರ ಮೇ 30ರಂದು ಮದ್ರಾಸಿನ ಹತ್ತಿರದ ಪಲ್ಲಾವರಂನಲ್ಲಿ, ಕೆಂಪು ಜಂಬಿಟ್ಟಿಗೆ ಕಲ್ಲಿನ ಗರಸು ತೆಗೆದಿದ್ದ ಒಂದು ಗುಂಡಿಯಲ್ಲಿ, ಅವರ ಕೈಗೆ ಒಂದು ಕಲ್ಲು ಸಿಕ್ಕಿತು. ಅದು ತಾನಾಗಿ ಒಡೆದ ಕಲ್ಲಲ್ಲ, ಆದಿಮಾನವ ಕೆತ್ತಿದ ಆಯುಧ ಎಂದು ಅವರು ಗುರುತಿಸಿದರು. ಭಾರತದ ಪ್ರಾಗೈತಿಹಾಸದ ಅಧ್ಯಯನ ಅಲ್ಲಿಂದ ಶುರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್ ಜೊತೆ ಅತ್ತಿರಂಪಾಕ್ಕಂನಲ್ಲಿ ಇನ್ನಷ್ಟು ಆಯುಧಗಳನ್ನು ಕಂಡರು. ಅಲ್ಲಿನ ಆಯುಧಗಳು ಸುಮಾರು 15 ಲಕ್ಷ ವರ್ಷ ಹಳೆಯವೆಂದು 2011ರಲ್ಲಿ ಗೊತ್ತಾಯಿತು. ಫೂಟ್ ಅವರಿಗೆ ಅವು ಬಹಳ ಹಳೆಯವು ಎಂದಷ್ಟೇ ಹೇಳಲು ಬರುತ್ತಿತ್ತು. ಎಷ್ಟು ಹಳೆಯವು ಎಂದು ಹೇಳುವ ಸಾಧನ ಅವರ ಕಾಲದಲ್ಲಿ ಇರಲಿಲ್ಲ. ಅವರ ಇಡೀ ಜೀವನಕ್ಕೂ ಇದೇ ಮಾತು ಸಲ್ಲುತ್ತದೆ.

ಮದ್ರಾಸಿನ ಕಡೆಯಿಂದ ಅವರು ನಮ್ಮ ಕಡೆಗೆ ಬಂದರು. ಆಗ ಬೆಳಗಾವಿ, ಧಾರವಾಡ, ಕಲಾದಗಿ ಮೂರೂ ಮುಂಬೈ ಪ್ರಾಂತ್ಯದ ಜಿಲ್ಲೆಗಳು. ಇಂದು ದಾಳಿಂಬೆ, ಚಿಕ್ಕುಗಳಿಗೆ ಹೆಸರಾದ ಕಲಾದಗಿ ಆಗ ಜಿಲ್ಲಾ ಕೇಂದ್ರ. ಕುದುರೆ, ಚಕ್ಕಡಿ, ಡೇರೆ, ಸುತ್ತಿಗೆ, ದಿಕ್ಸೂಚಿ ಇಷ್ಟೇ ಸಾಮಾನು. ಚಕ್ಕಡಿ ಹೊಡೆದವರು, ಡೇರೆ ಹಾಕಿದವರು, ಹಳ್ಳಕ್ಕೆ ದಾರಿ ತೋರಿಸಿದವರು ನಮ್ಮ ಹಳ್ಳಿಗಳವರೇ. ಅವರ ಹೆಸರು ಯಾವ ನಕ್ಷೆಯ ಮೇಲೂ ಇಲ್ಲ ಎಂಬುದನ್ನು ಇಲ್ಲಿ ಹೇಳದಿದ್ದರೆ ತಪ್ಪಾದೀತು.

ಗೋಕಾಕದ ಹತ್ತಿರ ಚಿಕ್ಕದೌಲಿ ಎಂಬಲ್ಲಿ ಫೂಟ್ ಅವರಿಗೆ ಅಳಿದುಹೋದ ಒಂದು ಘೇಂಡಾಮೃಗದ ಮೂಳೆಗಳು ಸಿಕ್ಕವು. 1874ರಲ್ಲಿ ಅದನ್ನು ಹೊಸ ಜಾತಿ ಎಂದು ವರ್ಣಿಸಿ, ದಖ್ಖನ್ನಿನ ಹೆಸರನ್ನೇ ಇಟ್ಟರು. ಇಂದು ಬಿಸಿಲಿಗೆ ಕಾದ ಆ ನೆಲದಲ್ಲಿ ಒಮ್ಮೆ ಘೇಂಡಾಮೃಗ ಮೇಯುತ್ತಿತ್ತು! ಮಲಪ್ರಭೆಯ ಕಣಿವೆಯ ಗರಸಿನಲ್ಲೂ ಅವರಿಗೆ ಕಲ್ಲಿನ ಆಯುಧಗಳು ದೊರೆತವು. ಅದೇ 1874ರಲ್ಲಿ ಡಂಬಳದ ಗುಡ್ಡಗಳ, ಅಂದರೆ ನಮ್ಮ ಕಪ್ಪತಗುಡ್ಡದ, ಚಿನ್ನದ ಬಗ್ಗೆ ವರದಿ ಬರೆದರು. ಸೊರಟೂರು ಕಡೆಯ ಹಳ್ಳಗಳಲ್ಲಿ ಜಾಲಗಾರರು ಮರಳು ಜಾಲಿಸಿ ಚಿನ್ನ ತೆಗೆಯುತ್ತಿದ್ದರು. ಫೂಟ್ ಆ ಹಳ್ಳಗಳ ಗುಂಟ ಮೇಲಕ್ಕೆ ನಡೆದು, ಚಿನ್ನ ಯಾವ ಕಲ್ಲಿನಿಂದ ಬರುತ್ತದೆ ಎಂದು ನೋಡಿದರು. ಹಸಿರು ಛಾಯೆಯ ಪದರಗಲ್ಲು, ಅದರ ನಡುವೆ ಕಬ್ಬಿಣದ ಪಟ್ಟೆಗಳು. ಆ ಕಲ್ಲನ್ನು ಆಗ ಅವರು ಸರಿಯಾಗಿ ಗುರುತಿಸಲಿಲ್ಲ. ಅದಕ್ಕೆ ಮುಂದೆ ಬರುತ್ತೇನೆ.

1876ರಲ್ಲಿ ಅವರ ದೊಡ್ಡ ವರದಿ ನಕ್ಷೆಯೊಂದಿಗೆ ಪ್ರಕಟವಾಯಿತು. ದಕ್ಷಿಣ ಮರಾಠಾ ಸೀಮೆ ಎಂದು ಆಗ ಕರೆಯುತ್ತಿದ್ದ ನಮ್ಮ ಭಾಗದಲ್ಲಿ ಯಾವ ಕಲ್ಲಿನ ಮೇಲೆ ಯಾವ ಕಲ್ಲು ಕೂತಿದೆ ಎಂಬುದನ್ನು ಅದು ಹೇಳಿತು. ಎಲ್ಲಕ್ಕಿಂತ ಕೆಳಗೆ ನೈಸ್ ಎಂಬ ಪಟ್ಟೆಪಟ್ಟೆಯ ಗಟ್ಟಿ ಕಲ್ಲು. ಅದರ ಮೇಲೆ ಮರಳುಗಲ್ಲು, ಜೇಡಿಗಲ್ಲು, ಸುಣ್ಣದ ಕಲ್ಲುಗಳ ಸರಣಿ. ಇದಕ್ಕೆ ಅವರು ಕಲಾದಗಿಯ ಹೆಸರಿಟ್ಟರು. ಅದರ ಮೇಲೆ ಬೆಳಗಾವಿ ಕಡೆಯ ಲಾವಾದ ಕಪ್ಪು ಕಲ್ಲು. ಎಲ್ಲದರ ಮೇಲೆ ನಮ್ಮ ಎರಿ ಮಣ್ಣು.

ಕಲಾದಗಿ ಸರಣಿ ನಮಗೆ ಅಪರಿಚಿತವಲ್ಲ. ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು ಹೋಗುವ ಸವದತ್ತಿ ಯಲ್ಲಮ್ಮನ ಗುಡ್ಡ ಅದೇ ಕಲ್ಲು. ನವಿಲುತೀರ್ಥದಲ್ಲಿ ಮಲಪ್ರಭೆ ಸೀಳಿಕೊಂಡು ಹೋದ ಗುಡ್ಡವೂ ಅದೇ. ಅಲ್ಲಿ ಕಟ್ಟಿದ ಆಣೆಕಟ್ಟಿನಿಂದಲೇ ನವಲಗುಂದ ಭಾಗದ ಹೊಲಗಳಿಗೆ ಕಾಲುವೆ ನೀರು. ಗೋಕಾಕದ ಫಾಲ್ಸ್ ಧುಮುಕುವುದೂ ಈ ಕಲ್ಲಿನ ಮೇಲಿಂದಲೇ.

ಇಂಥ ಪದರಗಳನ್ನು ಓದುವುದು ಹೇಗೆ? ನಮ್ಮೂರ ಕೆರೆಯನ್ನು ನೆನೆಸಿಕೊಂಡರೆ ಸಾಕು. ದಂಡೆಯಲ್ಲಿ ಗರಸು ಮತ್ತು ಮರಳು, ನಡುವೆ ಸಣ್ಣ ಕೆಸರು. ಕೆರೆ ತುಂಬಿದ ವರ್ಷ ನೀರು ಮೇಲೇರಿ, ಮೊದಲು ಮರಳಿದ್ದ ಜಾಗದ ಮೇಲೆ ಕೆಸರು ಕೂಡುತ್ತದೆ. ಬರ ಬಿದ್ದ ವರ್ಷ ನೀರು ಹಿಂದೆ ಸರಿದು, ಕೆಸರಿನ ಮೇಲೆ ಮರಳು ಬರುತ್ತದೆ. ಪೂರ್ತಿ ಬತ್ತಿದರೆ ಮೇಲಿನ ಪದರ ಕೊಚ್ಚಿಹೋಗಿ ಲೆಕ್ಕದಲ್ಲೇ ಒಂದು ಖಾಲಿ ಜಾಗ ಬೀಳುತ್ತದೆ. ಕೆರೆಯ ಬದಲು ಸಮುದ್ರ, ವರ್ಷಗಳ ಬದಲು ಲಕ್ಷಾಂತರ ವರ್ಷ ಎಂದುಕೊಳ್ಳಿ. ಕಲಾದಗಿಯ ಬುಡದಲ್ಲಿ ಉರುಟುಗಲ್ಲು, ಮೇಲೆ ಮರಳುಗಲ್ಲು, ಅದರ ಮೇಲೆ ಜೇಡಿಗಲ್ಲು ಮತ್ತು ಬಾಗಲಕೋಟೆ, ಲೋಕಾಪುರದ ಸುಣ್ಣದ ಕಲ್ಲು. ಅಂದರೆ ಸಮುದ್ರ ಒಳಗೆ ಬಂದಿತ್ತು. ಆಮೇಲೆ ಆ ಪದರಗಳು ಮಡಚಿ ಓರೆಯಾದವು, ಸವೆದವು. ಅವುಗಳ ತಲೆಯ ಮೇಲೆ ಬಾದಾಮಿಯ ಕೆಂಪು ಮರಳುಗಲ್ಲು ಚಾಪೆ ಹಾಸಿದಂತೆ ಮಟ್ಟಸವಾಗಿ ಕೂತಿದೆ. ಕೆಳಗಿನದು ಓರೆ, ಮೇಲಿನದು ಮಟ್ಟಸ. ನಡುವಿನ ಆ ಗೆರೆಯಲ್ಲಿ ಎಷ್ಟೋ ಕೋಟಿ ವರ್ಷ ಕಾಣೆಯಾಗಿವೆ. ಇಂದಿನ ವಿಜ್ಞಾನಿಗಳು ಇಂಥ ಗೆರೆಯಿಂದ ಗೆರೆಗೆ ಒಂದೊಂದು ಅಧ್ಯಾಯ ಮಾಡಿ ಓದುತ್ತಾರೆ. ಇದಕ್ಕೆ ಸೀಕ್ವೆನ್ಸ್ ಸ್ಟ್ರಾಟಿಗ್ರಫಿ ಎಂದು ಹೆಸರು.

ಈಗ ಫೂಟ್ ಅವರ ತಪ್ಪಿಗೆ ಬರೋಣ. 1876ರ ನಕ್ಷೆಯಲ್ಲಿ ಅವರು ಕಪ್ಪತಗುಡ್ಡದಂಥ ಹಸಿರು ಪದರಗಲ್ಲುಗಳನ್ನು ಬುಡದ ನೈಸ್ ಜೊತೆಗೇ ಸೇರಿಸಿಬಿಟ್ಟಿದ್ದರು. ಎರಡೂ ಹಳೆಯವು, ಎರಡೂ ಬೆಂದು ಬಾಗಿದವು, ಹಾಗಾಗಿ ಒಂದೇ ಎಂಬ ಲೆಕ್ಕ. ಆಮೇಲೆ ಬಳ್ಳಾರಿ, ಅನಂತಪುರ, ಸಂಡೂರು ಕಡೆ ವರ್ಷಗಟ್ಟಲೆ ಸುತ್ತಿದರು. ಪದರಗಲ್ಲು ಬೇರೆ, ನೈಸ್ ಬೇರೆ; ಪದರಗಲ್ಲು ನೈಸಿನ ಮೇಲೆ ನಂತರ ಕೂತದ್ದು ಎಂದು ಅವರಿಗೆ ಅನಿಸತೊಡಗಿತು. 1886ರಲ್ಲಿ ತಮ್ಮದೇ ಹಳೆಯ ತೀರ್ಮಾನವನ್ನು ತಿದ್ದಿ, ಪದರಗಲ್ಲುಗಳನ್ನು ಬೇರೆ ಮಾಡಿ, ಅವಕ್ಕೆ ಧಾರವಾಡದ ಹೆಸರಿಟ್ಟರು. 1888ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ದಕ್ಷಿಣ ಭಾರತದ ಚಿನ್ನ ಮುಖ್ಯವಾಗಿ ಇರುವುದು ಈ ಧಾರವಾಡ ಕಲ್ಲುಗಳ ಪಟ್ಟಿಗಳಲ್ಲಿ ಎಂದು ತೋರಿಸಿದರು.

ಹತ್ತು ವರ್ಷದ ಹಿಂದೆ ಅಚ್ಚಾದ ತನ್ನದೇ ನಕ್ಷೆ ತಪ್ಪೆಂದು ಅಚ್ಚಿನಲ್ಲೇ ಹೇಳುವುದು ಸಣ್ಣ ಮಾತಲ್ಲ. ಹತ್ತು ದಿನದ ಹಿಂದೆ ಬರೆದ ಕೋಡಿನಲ್ಲಿ ತಪ್ಪಿದೆ ಎಂದರೇ ನಮಗೆ ಸಿಟ್ಟು ಬರುತ್ತದೆ.

1891ರಲ್ಲಿ ಸರ್ವೇಕ್ಷಣೆಯಿಂದ ನಿವೃತ್ತರಾದ ಮೇಲೂ ಅವರು ಕೂಡಲಿಲ್ಲ. ಬರೋಡಾ ಸಂಸ್ಥಾನದ ಕಲ್ಲುಗಳನ್ನು ಅಳೆದರು. ಮೈಸೂರು ಸಂಸ್ಥಾನದಲ್ಲಿ 1894ರಲ್ಲಿ ಭೂವಿಜ್ಞಾನ ಇಲಾಖೆ ಶುರುವಾದಾಗ ಮೊದಲು ಹೊಣೆ ಹೊತ್ತವರೂ ಅವರೇ. 1895ರಲ್ಲಿ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ವರದಿ ಹೊರಬಂತು. ನಲವತ್ತು ವರ್ಷ ಕೂಡಿಟ್ಟ ಆದಿಮಾನವರ ಆಯುಧ, ಮಡಕೆ ಚೂರುಗಳನ್ನು 1904ರಲ್ಲಿ ಮದ್ರಾಸ್ ಮ್ಯೂಸಿಯಂ ಕೊಂಡಿತು. ತಮಿಳುನಾಡಿನ ಏರ್ಕಾಡ್ ಬೆಟ್ಟದಲ್ಲಿ ಮನೆ ಮಾಡಿ, ಆ ಸಂಗ್ರಹದ ಪಟ್ಟಿ ಬರೆಯುತ್ತಾ ಕೊನೆಯ ವರ್ಷಗಳನ್ನು ಕಳೆದರು. 1912ರ ಡಿಸೆಂಬರ್ 29ರಂದು ಕಲಕತ್ತೆಯಲ್ಲಿ ತೀರಿಕೊಂಡರು. ಪಟ್ಟಿ ಪುಸ್ತಕವಾಗಿ ಬಂದದ್ದು ಆಮೇಲೆ, 1914 ಮತ್ತು 1916ರಲ್ಲಿ.

ಅವರ ಧಾರವಾಡದ ಮಾತನ್ನು ಎಲ್ಲರೂ ಒಪ್ಪಲಿಲ್ಲ. 20ನೇ ಶತಮಾನದ ಮೊದಲ ದಶಕಗಳಲ್ಲಿ, ಅವರೇ ಮೊದಲು ನಡೆಸಿದ್ದ ಮೈಸೂರು ಇಲಾಖೆಯಲ್ಲೇ, ಡಬ್ಲ್ಯು. ಎಫ್. ಸ್ಮೀತ್ ಮತ್ತು ಜೊತೆಯವರು ಉಲ್ಟಾ ಹೇಳಿದರು. ಧಾರವಾಡ ಕಲ್ಲುಗಳೇ ಹಳೆಯವು, ನೈಸ್ ಆಮೇಲೆ ಕರಗಿದ ರೂಪದಲ್ಲಿ ಅವುಗಳೊಳಗೆ ನುಗ್ಗಿದ್ದು ಎಂದು ಅವರ ವಾದ. ಪದರಗಳಲ್ಲಿದ್ದ ಉರುಟುಗಲ್ಲುಗಳು ನದಿ ಉರುಟಿಸಿದ್ದಲ್ಲ, ಭೂಮಿಯ ಒತ್ತಡಕ್ಕೆ ಪುಡಿಯಾದದ್ದು ಎಂದರು. ಯಾವುದು ಮೊದಲು, ಯಾವುದು ನಂತರ ಎಂಬ ಈ ಜಗಳ ಹಲವು ದಶಕ ನಡೆಯಿತು.

ಜಗಳ ಬಗೆಹರಿಸಲು ಬೇಕಾದದ್ದು ವರ್ಷಗಳ ಲೆಕ್ಕ. ನಮ್ಮ ಕೆಲಸದ ಭಾಷೆಯಲ್ಲಿ ಹೇಳುವುದಾದರೆ, ಫೂಟ್ ಅವರ ಬಳಿ ಲಾಗ್ ಫೈಲ್ ಇತ್ತು, ಅದರ ಮೇಲೆ ತಾರೀಖು ಇರಲಿಲ್ಲ. ತಾರೀಖು ಇದ್ದದ್ದು ಝಿರ್ಕಾನ್ ಹರಳಿನಲ್ಲಿ. ಸಾಸಿವೆಗಿಂತ ಎಷ್ಟೋ ಸಣ್ಣದಾದ ಈ ಹರಳು ಕರಗಿದ ಕಲ್ಲು ತಣ್ಣಗಾಗುವಾಗ ಹುಟ್ಟುತ್ತದೆ. ಹುಟ್ಟುವಾಗ ಸ್ವಲ್ಪ ಯುರೇನಿಯಂ ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹೆಚ್ಚುಕಡಿಮೆ ಒಳಗೆ ಸೇರಿಸುವುದಿಲ್ಲ. ಯುರೇನಿಯಂ ನಿಧಾನವಾಗಿ ಸೀಸವಾಗುತ್ತದೆ. ಅದರ ಒಂದು ಬಗೆ ಅರ್ಧ ಕರಗಲು 447 ಕೋಟಿ ವರ್ಷ ಬೇಕು, ಇನ್ನೊಂದಕ್ಕೆ ಸುಮಾರು 70 ಕೋಟಿ. ಒಂದೇ ಹರಳಿನಲ್ಲಿ ಎರಡು ಗಡಿಯಾರ. ಎರಡೂ ಒಂದೇ ಹೊತ್ತು ತೋರಿಸಿದರೆ ನಂಬಬಹುದು. ಕಲ್ಲು ಸವೆದು ಮರಳಾಗಿ ನದಿಯಲ್ಲಿ ಕೊಚ್ಚಿಹೋದರೂ ಹರಳು ಸಾಯುವುದಿಲ್ಲ.

ಆದರೆ ಮರಳುಗಲ್ಲಿನಲ್ಲಿ ಸಿಕ್ಕ ಹರಳು ಹೇಳುವುದು ತಾನು ಹುಟ್ಟಿದ ವರ್ಷ, ಮರಳು ಕೂತ ವರ್ಷವನ್ನಲ್ಲ. ಹಿಂದೆ ನಮ್ಮ ಮನೆಗಳಲ್ಲಿ ಜೋಳ ತುಂಬಿಡುವ ಹಗೇವು ಇರುತ್ತಿತ್ತು. ಹಗೇವು ತೆಗೆದಾಗ ಹಲವು ವರ್ಷಗಳ ಜೋಳ ಸಿಕ್ಕರೆ, ಎಲ್ಲಕ್ಕಿಂತ ಹೊಸ ಜೋಳ ಯಾವ ಸುಗ್ಗಿಯದೋ ಅದಕ್ಕಿಂತ ಮೊದಲು ಆ ಹಗೇವು ಮುಚ್ಚಿರಲು ಸಾಧ್ಯವಿಲ್ಲ. ಅಷ್ಟನ್ನೇ ಹೇಳಬಹುದು. ನೂರಾರು ಹರಳುಗಳನ್ನು ಅಳೆದು ಎಲ್ಲಕ್ಕಿಂತ ಎಳೆಯದನ್ನು ಹುಡುಕುವುದು ಇದಕ್ಕಾಗಿ. ಪದರಗಳ ನಡುವೆ ಜ್ವಾಲಾಮುಖಿಯ ಕಲ್ಲು ಸಿಕ್ಕರೆ ಕೆಲಸ ಹಗುರ, ಅದರ ಹರಳು ನೇರವಾಗಿ ಆ ಪದರದ ಕಾಲವನ್ನೇ ಹೇಳುತ್ತದೆ.

ಕಳೆದ ಕೆಲವು ದಶಕಗಳಲ್ಲಿ ಬಂದ ಲೆಕ್ಕ ಹೀಗಿದೆ. ಕರ್ನಾಟಕದ ಹಳೆಯ ನೈಸ್ ಹೆಚ್ಚಾಗಿ 300ರಿಂದ 340 ಕೋಟಿ ವರ್ಷದ್ದು. ಧಾರವಾಡ ಪದರಗಳ ನಡುವಿನ ಜ್ವಾಲಾಮುಖಿ ಕಲ್ಲುಗಳು ಸುಮಾರು 260ರಿಂದ 270 ಕೋಟಿ ವರ್ಷದವು. ನೈಸ್ ಮೊದಲು, ಧಾರವಾಡ ನಂತರ. ತರೀಕೆರೆ ಕಡೆಯ ಕಲ್ದುರ್ಗದ ಉರುಟುಗಲ್ಲು ಪದರದಲ್ಲಿ ನೈಸಿನ ಉಂಡೆಗಳೇ ಇವೆ. ಸ್ಮೀತ್ ಅವರ ಮಾತೂ ಪೂರ್ತಿ ಸುಳ್ಳಲ್ಲ. ಧಾರವಾಡಕ್ಕಿಂತ ಹಳೆಯ ಬೇರೆ ಪದರಗಲ್ಲುಗಳು ದಕ್ಷಿಣ ಕರ್ನಾಟಕದಲ್ಲಿವೆ. 1981ರಲ್ಲಿ ಸರ್ವೇಕ್ಷಣೆಯ ಸ್ವಾಮಿನಾಥ್ ಮತ್ತು ರಾಮಕೃಷ್ಣನ್ ಅವನ್ನು ಸರಗೂರಿನ ಹೆಸರಿನಲ್ಲಿ ಬೇರೆಯಾಗಿ ಇಟ್ಟರು. ಧಾರವಾಡದ ನಂತರ ನುಗ್ಗಿದ ಗ್ರಾನೈಟುಗಳೂ ಇವೆ, ರಾಮನಗರದ ಕ್ಲೋಸ್‌ಪೇಟೆ ಗ್ರಾನೈಟ್ ಸುಮಾರು 250 ಕೋಟಿ ವರ್ಷದ್ದು. ಸ್ಮೀತ್ ಕಂಡ ನುಗ್ಗುವಿಕೆ ನಿಜ, ಅದನ್ನು ಎಲ್ಲ ನೈಸಿಗೂ ಹಚ್ಚಿದ್ದು ತಪ್ಪಾಯಿತು.

ನನಗೆ ಮತ್ತೆ ಮತ್ತೆ ಕಾಡುವುದು ಇನ್ನೊಂದು ವಿಷಯ. ಯುರೇನಿಯಂ ಮತ್ತು ಸೀಸದಿಂದ ಕಲ್ಲಿನ ವಯಸ್ಸು ತೆಗೆಯುವ ಮೊದಲ ಪ್ರಯತ್ನಗಳು ನಡೆದದ್ದು 1907ರಲ್ಲಿ ಬೋಲ್ಟ್‌ವುಡ್ ಅವರಿಂದ, 1911ರಲ್ಲಿ ಆರ್ಥರ್ ಹೋಮ್ಸ್ ಎಂಬ ಇಪ್ಪತ್ತರ ಹರೆಯದ ಹುಡುಗನಿಂದ. ಆಗ ಫೂಟ್ ಅವರಿಗೆ ಎಪ್ಪತ್ತು ದಾಟಿತ್ತು, ಏರ್ಕಾಡಿನಲ್ಲಿ ಮಡಕೆ ಚೂರುಗಳಿಗೆ ನಂಬರ್ ಹಾಕುತ್ತಿದ್ದರು. ಅವರ ನಕ್ಷೆಗೆ ಬೇಕಿದ್ದ ತಾರೀಖುಗಳ ಬಾಗಿಲು ತೆರೆದದ್ದು ಅವರು ಹೊರಡುವ ಹೊತ್ತಿಗೆ. ಹಾಗೆಂದು ಯಂತ್ರವೊಂದೇ ಸಾಕಾಗುತ್ತಿರಲಿಲ್ಲ. ಯಾವ ಗುಡ್ಡದ ಯಾವ ಪದರದಿಂದ ಕಲ್ಲು ತರಬೇಕು ಎಂದು ಇಂದಿನವರು ಮೊದಲು ನೋಡುವುದು ಹಳೆಯ ನಕ್ಷೆಯನ್ನೇ. ನಾನು ಜೋಡಿಸಿದ ಅಂಕಿಗಳ ಪಕ್ಕದಲ್ಲೂ ಒಂದು ಕಾಲಂ ಇತ್ತು, ಕಲ್ಲು ಯಾವುದರ ಮೇಲೆ ಕೂತಿತ್ತು ಎಂದು. ಅದು ಖಾಲಿ ಇದ್ದ ಸಾಲನ್ನು ಯಾರೂ ಬಳಸುತ್ತಿರಲಿಲ್ಲ.

ಕಪ್ಪತಗುಡ್ಡದ ಚಿನ್ನ, ಕಬ್ಬಿಣಗಳ ಆಸೆ ಫೂಟ್ ಅವರೊಂದಿಗೆ ಮುಗಿಯಲಿಲ್ಲ. ಗಣಿ ಬೇಡವೆಂದು ನಮ್ಮ ಭಾಗದ ಜನ, ಮಠಾಧೀಶರು ಬೀದಿಗಿಳಿದರು. 2019ರಲ್ಲಿ ಗುಡ್ಡ ವನ್ಯಜೀವಿ ಧಾಮವಾಯಿತು. ಚಿನ್ನ ಎಲ್ಲಿದೆ ಎಂದು ತೋರಿಸಿದ ಅದೇ ನಕ್ಷೆಯನ್ನು ಗುಡ್ಡ ಉಳಿಸುವವರೂ ಓದಬೇಕು ಎಂದು ನನ್ನ ಅನಿಸಿಕೆ.

ಅಣ್ಣಿಗೇರಿಯ ಅಮೃತೇಶ್ವರ ಗುಡಿಯ ಕಂಬಗಳನ್ನು ಮುಟ್ಟಿದವರಿಗೆ ಅದರ ನುಣುಪು ಗೊತ್ತು. ಅದು ಬಳಪದ ಕಲ್ಲು; ಇಂಥ ಕಲ್ಲು ಸಿಗುವುದು ಧಾರವಾಡ ಪದರಗಳಲ್ಲಿ. ಬಾದಾಮಿ, ಪಟ್ಟದಕಲ್ಲಿನ ಕೆಂಪು ಗುಡಿಗಳು ಕಲಾದಗಿ ಕಡೆಯ ಮರಳುಗಲ್ಲು. ನಮ್ಮ ಮಕ್ಕಳು ಟ್ರಿಪ್ಪಿಗೆ ಹೋದಾಗ ಎರಡನ್ನೂ ಮುಟ್ಟಿ ನೋಡಲಿ.

ಹೋದ ಬೇಸಿಗೆಯಲ್ಲಿ ನಮ್ಮ ಹೊಲದಲ್ಲಿ ಬೋರ್ ಕೊರೆಸಿದೆವು. ಅಪ್ಪ ನೀರಿಗೆ ಕಾಯುತ್ತಿದ್ದರು, ನಾನು ಹೊರಬರುತ್ತಿದ್ದ ಪುಡಿಯನ್ನು ಪ್ಲಾಸ್ಟಿಕ್ ಡಬ್ಬಿಗಳಲ್ಲಿ ತುಂಬುತ್ತಿದ್ದೆ. ಮೊದಲು ಎರಿ, ಆಮೇಲೆ ಗರಸು, ಆಮೇಲೆ ಹಸಿರು ಕಲ್ಲಿನ ಹಿಟ್ಟು. ನೀರು ಎರಡು ಇಂಚು ಬಂತು. ಡಬ್ಬಿಗಳ ಮೇಲೆ ಎಷ್ಟು ಫೂಟಿನ ಆಳದ್ದು ಎಂದು ಬರೆದು, ಕೆಳಗಿನದು ಕೆಳಗೆ, ಮೇಲಿನದು ಮೇಲೆ ಬರುವಂತೆ ಶಾಲೆಯ ವಿಜ್ಞಾನ ಕೋಣೆಯ ಕಪಾಟಿನಲ್ಲಿ ಇಟ್ಟು ಬಂದಿದ್ದೇನೆ.